ಬೂದಿಯ ಮೇಲೆ ನಿಂತ ಕಾಡು

ನಮ್ಮ ಮಾತಿನಲ್ಲಿ ಬೂದಿ ಎಂದರೆ ಮುಗಿದುಹೋದದ್ದು. ಮನೆ ಬೂದಿಯಾಯಿತು, ಬಾಳು ಬೂದಿಯಾಯಿತು ಎನ್ನುತ್ತೇವೆ. ಹಣೆಗೆ ಹಚ್ಚುವ ವಿಭೂತಿ ಕೂಡ ಎಲ್ಲವೂ ಕೊನೆಗೆ ಏನಾಗುತ್ತದೆಂಬುದನ್ನು ನೆನಪಿಸುವ ಗುರುತೇ. ಆದರೆ ಒಲೆಯ ಬೂದಿಯನ್ನು ಬಾಚಿ ಹಿತ್ತಲಿನ ಬಳ್ಳಿಯ ಬುಡಕ್ಕೆ ಹಾಕುವ ಹೆಂಗಸಿಗೆ, ಬೂದಿಯಿಂದ ಏನೋ ಒಂದು ಆರಂಭವಾಗುತ್ತದೆ ಎಂಬುದು ಮೊದಲಿನಿಂದಲೂ ಗೊತ್ತು. ನಾನು ಇಂದು ಹೇಳಬೇಕೆಂದಿರುವುದು ಅಂಥ ಒಂದು ಆರಂಭದ ಕಥೆ. ಒಂದು ಪರ್ವತದ ಬೂದಿಯ ಮೇಲೆ ಬೆಳೆದು ನಿಂತ ಕಾಡಿನ ಚರಿತ್ರೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಭಾಗದಲ್ಲಿ, ಐಡಾಹೋ ರಾಜ್ಯದ ಉತ್ತರಕ್ಕೆ, ರಾಕಿ ಪರ್ವತಗಳ ಮಡಿಲಲ್ಲಿ ಇಕ್ಕಟ್ಟಾದ ಕಣಿವೆಗಳ ಸಾಲೊಂದಿದೆ. ಪ್ರೀಸ್ಟ್, ಸೇಂಟ್ ಜೋ, ಕ್ಲಿಯರ್‌ವಾಟರ್ ಎಂಬ ನದಿಗಳು ಅಲ್ಲಿ ಹರಿಯುತ್ತವೆ. ಪೆಸಿಫಿಕ್ ಸಾಗರದಿಂದ ಈ ಕಣಿವೆಗಳು ಐದಾರು ನೂರು ಕಿಲೋಮೀಟರ್ ಒಳನಾಡಿನಲ್ಲಿವೆ. ನಡುವೆ ಕ್ಯಾಸ್ಕೇಡ್ ಪರ್ವತಶ್ರೇಣಿ. ಅದನ್ನಿಳಿದರೆ ಮರವಿಲ್ಲದ ಒಣ ಬಯಲು. ಆ ಬಯಲನ್ನು ದಾಟಿ ಬಂದವನು ಕಣಿವೆಯೊಳಗೆ ಕಾಲಿಟ್ಟೊಡನೆ ಬೆರಗಾಗಿ ನಿಲ್ಲುತ್ತಾನೆ. ಸಮುದ್ರದಂಚಿನ ಮಳೆಕಾಡಿನಲ್ಲಿ ಇರಬೇಕಾದ ಮರಗಳು ಅಲ್ಲಿ ಎದ್ದು ನಿಂತಿವೆ. ಹತ್ತು ಜನ ಕೈಹಿಡಿದು ಸುತ್ತುವರಿಯಬೇಕಾದ ಕೆಂಪು ಸೀಡರ್ ಮರಗಳು. ತುದಿ ಬಾಗಿದ ಹೆಮ್ಲಾಕ್. ನೇರವಾಗಿ ಐವತ್ತು ಅರವತ್ತು ಮೀಟರ್ ಏರುವ ಬಿಳಿ ಪೈನ್. ಇವೆಲ್ಲವೂ ಸೂಜಿಯಂಥ ಅಥವಾ ಹುರುಪೆಯಂಥ ಎಲೆಗಳ, ಶಂಕುವಿನಾಕಾರದ ಕಾಯಿಗಳ ಮರಗಳು. ಸೀಡರ್ ಎಂಬ ಹೆಸರು ಕೇಳಿ ನಮ್ಮ ಹಿಮಾಲಯದ ದೇವದಾರುವನ್ನು ನೆನೆಯಬೇಕಾಗಿಲ್ಲ; ಅದು ಬೇರೆ ಕುಲದ್ದು.

ಒಂದು ಬೇಸಿಗೆಯಲ್ಲಿ ಕೆಲವು ದಿನ ಆ ಕಣಿವೆಗಳಲ್ಲಿ ಓಡಾಡುವ ಅವಕಾಶ ನನಗೆ ದೊರೆತಿತ್ತು. ನಾನು ಸಸ್ಯಶಾಸ್ತ್ರ ಓದಿದವನಲ್ಲ. ಇತಿಹಾಸ ನನ್ನ ವೃತ್ತಿ. ಹಾಗಾಗಿ ಮರಗಳಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ರಸ್ತೆಗಾಗಿ ಗುಡ್ಡ ಕಡಿದಲ್ಲಿ ಕಾಣುತ್ತಿದ್ದ ನೆಲದ ಪದರಗಳು. ಕೆಳಗೆ ನೂರು ಕೋಟಿ ವರ್ಷಗಳಿಗೂ ಹಳೆಯದಾದ ಬಂಡೆ. ಅದರ ಮೇಲೆ ಕೆಲವೆಡೆ ಹಿಮನದಿಗಳು ತಂದು ಸುರಿದ ಕಲ್ಲುಮಿಶ್ರಿತ ಮಣ್ಣು. ಎಲ್ಲಕ್ಕೂ ಮೇಲೆ, ಮೊಳಕೈ ಉದ್ದದ ದಪ್ಪದಲ್ಲಿ, ಕಂದು ಹಳದಿ ಬಣ್ಣದ ಒಂದು ಪದರ. ಅದರಿಂದ ಒಂದು ಹಿಡಿ ತೆಗೆದುಕೊಂಡೆ. ಹಿಟ್ಟಿನಷ್ಟು ನುಣುಪು, ಹಿಡಿದದ್ದೇ ತಿಳಿಯದಷ್ಟು ಹಗುರ. ಜುಲೈ ತಿಂಗಳ ಉರಿಬಿಸಿಲು, ವಾರಗಳಿಂದ ಮಳೆಯಿರಲಿಲ್ಲ. ಆದರೂ ಮುಷ್ಟಿ ಬಿಚ್ಚಿದಾಗ ಅಂಗೈ ತೇವವಾಗಿತ್ತು.

ಆ ಹಿಡಿಮಣ್ಣು ಅಲ್ಲಿಯದಲ್ಲ. ಅದು ಸುಮಾರು 700 ಕಿಲೋಮೀಟರ್ ದೂರದಿಂದ ಗಾಳಿಯಲ್ಲಿ ಬಂದದ್ದು. ಈಗಿನ ಆರಿಗನ್ ರಾಜ್ಯದಲ್ಲಿ ಮಝಾಮಾ ಎಂದು ಇಂದು ಕರೆಯುವ ಅಗ್ನಿಪರ್ವತವೊಂದಿತ್ತು. ಸುಮಾರು 7,700 ವರ್ಷಗಳ ಹಿಂದೆ ಅದು ಸಿಡಿಯಿತು. ಒಳಗಿನ ಲಾವಾರಸವೆಲ್ಲ ಬೂದಿಯಾಗಿ, ನೊರೆಗಲ್ಲಾಗಿ ಹೊರಬಿದ್ದ ಮೇಲೆ ಟೊಳ್ಳಾದ ಪರ್ವತ ತನ್ನೊಳಕ್ಕೆ ತಾನೇ ಕುಸಿಯಿತು. ಆ ಕುಳಿಯಲ್ಲಿ ಶತಮಾನಗಳ ಕಾಲ ಮಳೆಯೂ ಹಿಮವೂ ತುಂಬಿ ಒಂದು ಸರೋವರವಾಯಿತು. ಇಂದು ಅದರ ಹೆಸರು ಕ್ರೇಟರ್ ಲೇಕ್; 594 ಮೀಟರ್ ಆಳದ ಅದು ಆ ದೇಶದ ಅತ್ಯಂತ ಆಳವಾದ ಸರೋವರ. ಮೇಲೆದ್ದ ಬೂದಿ ಗಾಳಿಯೊಡನೆ ಈಶಾನ್ಯಕ್ಕೆ ಸಾಗಿ, ಇಂದಿನ ಎಂಟು ರಾಜ್ಯಗಳ ಮೇಲೂ ಕೆನಡಾದ ಮೂರು ಪ್ರಾಂತ್ಯಗಳ ಮೇಲೂ ಸುರಿಯಿತು.

ಇದನ್ನು ಕಂಡ ಮನುಷ್ಯರಿದ್ದರು ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. 1938ರಲ್ಲಿ ಲೂಥರ್ ಕ್ರೆಸ್ಮನ್ ಎಂಬ ಪುರಾತತ್ತ್ವಜ್ಞರು ಆರಿಗನ್ನಿನ ಫೋರ್ಟ್ ರಾಕ್ ಗುಹೆಯಲ್ಲಿ ಅಗೆದಾಗ, ಮಝಾಮಾದ ಬೂದಿಯ ಪದರದ ಕೆಳಗೆ ಪೊದೆಯೊಂದರ ತೊಗಟೆಯಿಂದ ಹೆಣೆದ ಚಪ್ಪಲಿಗಳು ಸಿಕ್ಕಿದವು. ಅವು ಒಂಬತ್ತು ಸಾವಿರ ವರ್ಷಗಳಿಗೂ ಹಿಂದಿನವು ಎಂದು ಆಮೇಲೆ ಗೊತ್ತಾಯಿತು. ಆ ಸೀಮೆಯ ಕ್ಲಾಮತ್ ಜನರಲ್ಲಿ ಒಂದು ಕಥೆ ನಡೆದುಬಂದಿದೆ. ಪಾತಾಳದ ಒಡೆಯ ಲಾವೋ ಈ ಪರ್ವತದಲ್ಲಿ ನಿಂತು, ಮೇಲಿನ ಲೋಕದ ಒಡೆಯ ಸ್ಕೆಲ್‌ನೊಡನೆ ಕಾದಾಡಿದ. ಲಾವೋ ಸೋತಾಗ ಪರ್ವತ ಅವನೊಡನೆ ಕುಸಿದು, ಅಲ್ಲಿ ನೀರು ತುಂಬಿತು ಎಂಬುದು ಅದರ ಸಾರಾಂಶ. ಭೂವಿಜ್ಞಾನಿಗಳು ಬಂಡೆಗಳನ್ನು ಓದಿ ಹೇಳಿದ್ದನ್ನೇ ಜನರ ನೆನಪು ದೇವತೆಗಳ ಭಾಷೆಯಲ್ಲಿ ಹೇಳಿತ್ತು.

ಹೀಗೆ ಬಂದು ಬಿದ್ದ ಬೂದಿ ಕಾಡಿಗೆ ಏನು ಮಾಡಿತು? ಅದು ಗೊಬ್ಬರವಾಯಿತು ಎಂದು ನಾನು ಮೊದಲು ಭಾವಿಸಿದ್ದೆ. ಅದು ತಪ್ಪು. ಒಲೆಯ ಬೂದಿಯಲ್ಲಿರುವ ಸಾರ ಇದರಲ್ಲಿಲ್ಲ. ಅಗ್ನಿಪರ್ವತದ ಬೂದಿ ಎಂದರೆ ಪುಡಿಯಾದ ಗಾಜು. ಗಿಡಗಳಿಗೆ ಬೇಕಾದ ರಂಜಕವನ್ನು ಅದು ಬಿಟ್ಟುಕೊಡದೆ ಹಿಡಿದಿಡುವುದೂ ಉಂಟು. ಅದರ ಗುಣ ಇರುವುದು ನೀರಿನಲ್ಲಿ. ಆ ಪ್ರದೇಶದಲ್ಲಿ ಮಳೆಯೆಲ್ಲ ಚಳಿಗಾಲಕ್ಕೆ ಸೇರಿದ್ದು. ಸಮುದ್ರದ ತೇವ ಹೊತ್ತ ಗಾಳಿ ಪರ್ವತಗಳಿಗೆ ತಾಗಿ ಹಿಮವಾಗಿ ಬೀಳುತ್ತದೆ. ಜುಲೈ, ಆಗಸ್ಟ್ ತಿಂಗಳುಗಳು ಬರಿದು. ವಸಂತದಲ್ಲಿ ಕರಗಿದ ಹಿಮದ ನೀರು ಕಲ್ಲುನೆಲದಲ್ಲಾದರೆ ಹರಿದು ಹೋಗುತ್ತಿತ್ತು. ಬೂದಿಯ ಪದರ ಅದನ್ನು ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿದಿಟ್ಟು, ಮಳೆಯಿಲ್ಲದ ತಿಂಗಳುಗಳಲ್ಲಿ ಬೇರುಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ. ನಮ್ಮ ಕೆರೆಗಳು ಊರಿಗೆ ಮಾಡುವ ಕೆಲಸವನ್ನು ಅಲ್ಲಿ ಬೂದಿ ಕಾಡಿಗೆ ಮಾಡುತ್ತದೆ. ಬೂದಿ ನಿಂತ ಉತ್ತರದ ಇಳಿಜಾರುಗಳಲ್ಲಿ, ಕಣಿವೆಯ ತಳದಲ್ಲಿ ಸೀಡರ್, ಹೆಮ್ಲಾಕ್. ಅದು ಕೊಚ್ಚಿಹೋದ ದಕ್ಷಿಣದ ಇಳಿಜಾರುಗಳಲ್ಲಿ ಒಣನೆಲದ ಪೈನ್. ಒಂದೇ ಬೆಟ್ಟದ ಎರಡು ಮಗ್ಗುಲುಗಳು ಎರಡು ದೇಶಗಳಂತೆ ಕಾಣುತ್ತವೆ.

ಬೂದಿ ಬಿದ್ದ ಮರುದಿನವೇ ಈ ಕಾಡು ಹುಟ್ಟಲಿಲ್ಲ. ಕೆರೆಗಳ ತಳದ ಕೆಸರಿನಲ್ಲಿ ಉಳಿದ ಪರಾಗವನ್ನು ಪರೀಕ್ಷಿಸಿದವರು ಹೇಳುವಂತೆ, ಸೀಡರ್ ಮತ್ತು ಹೆಮ್ಲಾಕ್ ಈ ಕಣಿವೆಗಳಲ್ಲಿ ನೆಲೆಯೂರಿದ್ದು ಕಳೆದ ಎರಡು ಮೂರು ಸಾವಿರ ವರ್ಷಗಳಲ್ಲಿ, ಹವೆ ತಂಪಾಗಿ ತೇವ ಹೆಚ್ಚಿದ ಮೇಲೆ. ಅಲ್ಲಿಯವರೆಗೆ ಬೂದಿ ಕಾದಿತ್ತು. ಮರಗಳು ಬಂದ ಮೇಲೆ ಅವು ಬೂದಿಯನ್ನು ಬೇರುಗಳಿಂದ ಹಿಡಿದವು. ಬೂದಿ ಮರಗಳಿಗೆ ನೀರನ್ನು ಹಿಡಿಯಿತು. ಬಿದ್ದ ಮರಗಳು ಶತಮಾನಗಳ ಕಾಲ ಕೊಳೆತು, ಕೆಂಪು ಪುಡಿಯಾಗಿ ಬೂದಿಯೊಡನೆ ಬೆರೆತವು. ಇಂದು ಹೆಮ್ಲಾಕ್ ಸಸಿ ಮೊಳೆಯಲು ಆರಿಸಿಕೊಳ್ಳುವುದು ಹೆಚ್ಚಾಗಿ ಅಂಥ ಕೊಳೆತ ದಿಮ್ಮಿಯ ಬೆನ್ನನ್ನೇ.

ಈ ಕಾಡಿಗೆ ಬೆಂಕಿಯೂ ಹಳೆಯ ನೆಂಟ. ಬೇಸಿಗೆಯ ಸಿಡಿಲಿನಿಂದ ಸಣ್ಣ ಬೆಂಕಿಗಳು ಆಗಾಗ. ನೂರೈವತ್ತು ಇನ್ನೂರು ವರ್ಷಕ್ಕೊಮ್ಮೆ ಇಡೀ ಮಗ್ಗುಲನ್ನೇ ಸುಡುವ ದೊಡ್ಡ ಬೆಂಕಿ. ಆ ನಾಡಿನ ಮೂಲಜನರು ಹಣ್ಣಿನ ಪೊದೆಗಳು ಹುಲುಸಾಗಿ ಬೆಳೆಯಲೆಂದು ತಾವೇ ಬೆಂಕಿ ಹಚ್ಚುತ್ತಿದ್ದುದೂ ಉಂಟು. ಬಿಳಿ ಪೈನ್ ಈ ಬೆಂಕಿಯ ಮಗು. ನೆರಳಿನಲ್ಲಿ ಅದರ ಸಸಿ ಏಳಿಗೆಯಾಗದು. ಸುಟ್ಟು ಬಯಲಾದ ನೆಲದಲ್ಲಿ ಮೊಳೆತು, ಎಲ್ಲ ಮರಗಳನ್ನೂ ಮೀರಿ ಬೆಳೆದು, ಮುನ್ನೂರು ನಾನೂರು ವರ್ಷ ಬಾಳುತ್ತದೆ. ಅದರ ನೆರಳಿನಲ್ಲಿ ಹೆಮ್ಲಾಕ್ ಮತ್ತು ಫರ್ ಮೆಲ್ಲನೆ ಮೇಲೇಳುತ್ತವೆ. ಬೆಂಕಿ ಮತ್ತೆ ಬಂದರೆ ಆಟ ಮೊದಲಿನಿಂದ ಆರಂಭ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ವ್ಯಾಪಾರಿಗಳು ಈ ಬಿಳಿ ಪೈನನ್ನು ಹುಡುಕಿ ಬಂದರು. ಗಂಟಿಲ್ಲದ, ನೇರ ಎಳೆಯ ಅದರ ಹಲಗೆಯಿಂದ ಕಿಟಕಿ ಬಾಗಿಲುಗಳಾದವು, ಬೆಂಕಿಕಡ್ಡಿಗಳೂ ಆದವು. ಬೆಂಕಿಯಿಂದ ಹುಟ್ಟಿದ ಮರ ಬೆಂಕಿಕಡ್ಡಿಯಾಗಿ ಅಂಗಡಿ ಸೇರಿದ್ದನ್ನು ಯೋಚಿಸಿದಾಗ ನನಗೆ ನಗು ಬಂದಿತ್ತು. ಮುಂದಿನದನ್ನು ತಿಳಿದ ಮೇಲೆ ಆ ನಗು ಉಳಿಯಲಿಲ್ಲ.

ಈ ಕಾಡಿನ ಚರಿತ್ರೆಯಲ್ಲಿ 1910 ನಡುಗಂಬದಂಥ ವರ್ಷ. ಆ ವರ್ಷ ಎರಡು ಸಂಗತಿಗಳು ನಡೆದವು. ಒಂದನ್ನು ಇಡೀ ದೇಶ ಕಂಡಿತು. ಇನ್ನೊಂದನ್ನು ಯಾರೂ ಗಮನಿಸಲಿಲ್ಲ.

ಮೊದಲನೆಯದು ಬೆಂಕಿ. ಆ ಬೇಸಿಗೆ ಮಳೆಯೇ ಇರಲಿಲ್ಲ. ನೂರಾರು ಸಣ್ಣ ಬೆಂಕಿಗಳು ಅಲ್ಲಲ್ಲಿ ಹೊಗೆಯಾಡುತ್ತಿದ್ದವು. ಆಗಸ್ಟ್ 20ರಂದು ಬಿರುಗಾಳಿ ಎದ್ದಿತು. ಎರಡು ದಿನಗಳಲ್ಲಿ ಐಡಾಹೋ, ಮೊಂಟಾನ, ವಾಷಿಂಗ್ಟನ್ ರಾಜ್ಯಗಳ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಕನಿಷ್ಠ 85 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ದಿನಗೂಲಿಗೆ ಬಂದವರು. ವಾಲೇಸ್ ಎಂಬ ಗಣಿಯೂರಿನ ಮೂರರಲ್ಲೊಂದು ಭಾಗ ಉರಿದುಹೋಯಿತು. ಅದರ ಹತ್ತಿರದ ಬೆಟ್ಟದಲ್ಲಿ ಎಡ್ವರ್ಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿ ನಲವತ್ತಕ್ಕೂ ಹೆಚ್ಚು ಕೂಲಿಗಳೊಡನೆ ಸಿಕ್ಕಿಬಿದ್ದಿದ್ದರು. ಆ ಕಾಡಿನ ಮೂಲೆ ಮೂಲೆಯೂ ಬಲ್ಲ ಅವರು ಎಲ್ಲರನ್ನೂ ಹಳೆಯ ಗಣಿಯೊಂದರ ಸುರಂಗಕ್ಕೆ ನಡೆಸಿಕೊಂಡು ಹೋದರು. ಬಾಯಿಗೆ ಕಂಬಳಿ ಕಟ್ಟಿ, ನೀರು ಎರಚುತ್ತ ನಿಂತರು. ಹೆದರಿ ಹೊರಗೋಡಲು ಎದ್ದವರನ್ನು ಪಿಸ್ತೂಲು ತೋರಿಸಿ ತಡೆದರು. ಕೊನೆಗೆ ತಾವೂ ಪ್ರಜ್ಞೆ ತಪ್ಪಿ ಬಿದ್ದರು. ಬೆಳಗಾದಾಗ ಐವರು ಸತ್ತಿದ್ದರು. ಉಳಿದವರು ತೆವಳಿಕೊಂಡು ಹೊರಬಂದರು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿಯಿರುವ ಸಲಕರಣೆಯೊಂದನ್ನು ಅಲ್ಲಿನ ಬೆಂಕಿಪಡೆಗಳು ಇಂದಿಗೂ ಪುಲಾಸ್ಕಿ ಎಂದೇ ಕರೆಯುತ್ತವೆ.

ಎರಡನೆಯ ಸಂಗತಿಯಲ್ಲಿ ಶೌರ್ಯವೂ ಇಲ್ಲ, ಸಾವೂ ಇಲ್ಲ. ಅದೇ 1910ರಲ್ಲಿ ಫ್ರಾನ್ಸಿನ ಸಸ್ಯಾಗಾರವೊಂದರಿಂದ ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ಬಂದರಿಗೆ ಪೈನ್ ಸಸಿಗಳು ಹಡಗಿನಲ್ಲಿ ಬಂದಿಳಿದವು. ಇಲ್ಲೊಂದು ವಿಪರ್ಯಾಸವಿದೆ. ಅವು ಮೂಲತಃ ಅಮೆರಿಕದ ಪೂರ್ವ ಭಾಗದ ಬಿಳಿ ಪೈನಿನ ಸಸಿಗಳು. ಆ ಮರವನ್ನು ಯೂರೋಪಿನವರು ಹಿಂದೆಯೇ ಕೊಂಡೊಯ್ದು ತಮ್ಮಲ್ಲಿ ಬೆಳೆಸಿದ್ದರು. ಅಲ್ಲಿ ಏಷ್ಯಾ ಮೂಲದ ಒಂದು ತುಕ್ಕುರೋಗದ ಶಿಲೀಂಧ್ರ ಅದಕ್ಕೆ ಅಂಟಿಕೊಂಡಿತ್ತು. ಅಮೆರಿಕ ಖಂಡದಲ್ಲಿ ಕಾಡು ಬೆಳೆಸುವ ಉತ್ಸಾಹ ಹುಟ್ಟಿದಾಗ, ಅಗ್ಗಕ್ಕೆ ಸಿಗುತ್ತವೆಂದು ಅದೇ ಮರದ ಸಸಿಗಳನ್ನು ಯೂರೋಪಿನಿಂದ ತರಿಸಿದರು. ತವರಿನ ಮಗಳು ಪರದೇಶದ ರೋಗ ಹೊತ್ತು ತವರಿಗೆ ಮರಳಿದಳು. ಪಶ್ಚಿಮದಲ್ಲಿ ಈ ರೋಗ ಪತ್ತೆಯಾದದ್ದು 1921ರಲ್ಲಿ. ಗಿಡಗಳ ಆಮದನ್ನು ನಿಯಂತ್ರಿಸುವ ಕಾನೂನನ್ನು ಸಂಯುಕ್ತ ಸಂಸ್ಥಾನಗಳು 1912ರಲ್ಲೇ ಮಾಡಿದ್ದವು. ಆ ವೇಳೆಗೆ ಎರಡು ವರ್ಷ ತಡವಾಗಿತ್ತು.

ತುಕ್ಕುರೋಗವೆಂದರೇನೆಂದು ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಸಿಂಹಳದ ಕಾಫಿತೋಟಗಳನ್ನು 19ನೆಯ ಶತಮಾನದಲ್ಲಿ ಮುಗಿಸಿ, ಅಲ್ಲಿಯವರು ಚಹಾ ನೆಡುವಂತೆ ಮಾಡಿದ ಎಲೆತುಕ್ಕು ಇದೇ ಬಳಗದ್ದು. ಆದರೆ ಪೈನಿನ ತುಕ್ಕಿಗೆ ಬಾಳಲು ಎರಡು ಮನೆಗಳು ಬೇಕು: ಒಂದು ಬಿಳಿ ಪೈನ್, ಇನ್ನೊಂದು ರೈಬೀಸ್ ಎಂಬ ಕಾಡುಹಣ್ಣಿನ ಪೊದೆ. ವಸಂತದಲ್ಲಿ ಪೈನಿನ ತೊಗಟೆ ಒಡೆದು ಕಿತ್ತಳೆ ಬಣ್ಣದ ಬೀಜಕಣಗಳು ಹೊರಬರುತ್ತವೆ. ಅವು ನೂರಾರು ಕಿಲೋಮೀಟರ್ ಹಾರಬಲ್ಲವು; ಆದರೆ ಇನ್ನೊಂದು ಪೈನಿಗೆ ಅಂಟಲಾರವು, ರೈಬೀಸಿನ ಎಲೆಗೆ ಮಾತ್ರ ಅಂಟುತ್ತವೆ. ಶರತ್ಕಾಲದಲ್ಲಿ ಆ ಎಲೆಯಿಂದ ಹೊರಡುವ ಬೇರೊಂದು ಬಗೆಯ ಕಣಗಳು ಹತ್ತಿರದ ಪೈನುಗಳ ಸೂಜಿಗಳನ್ನು ಹೊಕ್ಕು, ಕೊಂಬೆಗೆ, ಕಾಂಡಕ್ಕೆ ಇಳಿಯುತ್ತವೆ. ಈ ಕಣಗಳಿಗೆ ಬೇಕಾದದ್ದು ತಂಪು ಮತ್ತು ತೇವ. ಕಾಡನ್ನು ಸಾಕಿದ ಕಣಿವೆಯ ತೇವವೇ ಅದರ ಶತ್ರುವನ್ನೂ ಸಾಕಿತು.

ಈ ಎರಡು ಸಂಗತಿಗಳಿಗೂ ಮನುಷ್ಯ ಕೊಟ್ಟ ಉತ್ತರವನ್ನು ಈಗ ನೋಡಬೇಕು. ಬೆಂಕಿಗೆ ಕೊಟ್ಟ ಉತ್ತರ ಯುದ್ಧ. 1905ರಲ್ಲಿ ಹುಟ್ಟಿದ ಅರಣ್ಯ ಇಲಾಖೆಗೆ 1910ರ ಸಾವುನೋವು ಎಂದೂ ಮಾಯದ ಗಾಯವಾಯಿತು. ಆಗ ಅದೇ ಪ್ರದೇಶದಲ್ಲಿ ಅಧಿಕಾರಿಯಾಗಿದ್ದ ಫರ್ಡಿನಾಂಡ್ ಸಿಲ್ಕಾಕ್ಸ್ ಮುಂದೆ ಇಲಾಖೆಯ ಮುಖ್ಯಸ್ಥರಾದರು. ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕೆಂಬ ನಿಯಮ 1935ರಲ್ಲಿ ಅವರ ಕಾಲದಲ್ಲೇ ಬಂದದ್ದು. ಆ ನಿಯಮವನ್ನು ಕೈಬಿಟ್ಟದ್ದು 1978ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಸಣ್ಣ ಬೆಂಕಿಗಳು ಮಾಡುತ್ತಿದ್ದ ಕೆಲಸ ನಿಂತಿತು. ಬಯಲು ಬೇಕಾದ ಪೈನಿಗೆ ಎಡೆ ಸಿಗಲಿಲ್ಲ. ನೆರಳಿನಲ್ಲಿ ಬೆಳೆಯುವ ಫರ್ ಮತ್ತು ಹೆಮ್ಲಾಕ್ ಒತ್ತಾಗಿ ತುಂಬಿಕೊಂಡವು.

ತುಕ್ಕಿಗೆ ಕೊಟ್ಟ ಉತ್ತರವೂ ಯುದ್ಧವೇ. ಎರಡು ಮನೆಗಳಲ್ಲಿ ಒಂದನ್ನು ಕೆಡವಿದರೆ ರೋಗ ಸಾಯುತ್ತದೆ ಎಂಬುದು ತರ್ಕಬದ್ಧವಾಗಿಯೇ ಇತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಸಾವಿರಾರು ತರುಣರು ಕಾಡಿನ ಶಿಬಿರಗಳಿಗೆ ಬಂದರು. ನೆಲದ ಮೇಲೆ ದಾರ ಎಳೆದು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಸಾಲಾಗಿ ನಡೆಯುತ್ತ ಒಂದೊಂದೇ ರೈಬೀಸ್ ಪೊದೆಯನ್ನು ಬೇರುಸಹಿತ ಕಿತ್ತರು. ಆದರೆ ರೈಬೀಸಿನ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ; ನೆಲ ಕೆದಕಿದರೆ, ಬೆಂಕಿ ಬಿದ್ದರೆ ಎಚ್ಚರಗೊಂಡು ಮೊಳೆಯುತ್ತದೆ. ಕಿತ್ತ ನೆಲದಲ್ಲೇ ಮತ್ತೆ ಹುಟ್ಟಿತು. ಆಮೇಲೆ ಔಷಧ ಸಿಂಪಡಿಸಿದರು, ಅದೂ ಫಲಿಸಲಿಲ್ಲ. 1960ರ ದಶಕದ ಕೊನೆಯಲ್ಲಿ ಕೀಳುವ ಕೆಲಸ ನಿಂತಿತು. ಹೇಗೂ ಸಾಯುವ ಮರಗಳೆಂದು, ಸಾಯುವ ಮೊದಲೇ ಕಡಿದು ಮಾರುವ ಕೆಲಸ ಮುಂದುವರಿಯಿತು. ಒಂದು ಕಾಲದಲ್ಲಿ ಲಕ್ಷಾಂತರ ಎಕರೆ ಆಳುತ್ತಿದ್ದ ಬಿಳಿ ಪೈನ್ ಇಂದು ಅದರ ಹತ್ತರಲ್ಲೊಂದು ಪಾಲಿನಲ್ಲೂ ಉಳಿದಿಲ್ಲ.

ಆ ಮರಗಳ ನಡುವೆ ರೋಗ ತಾಳಿಕೊಳ್ಳಬಲ್ಲ ಕೆಲವು ಮರಗಳಿದ್ದವು. ಸುಮಾರಾಗಿ ಹತ್ತು ಸಾವಿರಕ್ಕೊಂದು ಎಂದು ಹೇಳುತ್ತಾರೆ. ಸಾಯುವ ಮರಗಳೊಡನೆ ಬದುಕಬಲ್ಲ ಮರಗಳೂ ಗರಗಸಕ್ಕೆ ಸಿಕ್ಕವು. ಇದನ್ನು ಓದಿದಾಗ ನನ್ನ ಮನಸ್ಸಿಗೆ ಆದ ನೋವು 1910ರ ಬೆಂಕಿಯ ವರ್ಣನೆ ಓದಿದಾಗಲೂ ಆಗಿರಲಿಲ್ಲ. ಬೆಂಕಿ ಕಾಡಿನಿಂದ ಮರಗಳನ್ನು ಕಿತ್ತುಕೊಳ್ಳುತ್ತದೆ. ಅವಸರದ ಕೊಡಲಿ ಅದರ ಮುಂದಿನ ಮದ್ದನ್ನೇ ಕಿತ್ತುಕೊಂಡಿತು.

ಸತ್ತ ಮರಗಳ ನಡುವೆ ಹಸಿರಾಗಿ ನಿಂತ ಒಂದೊಂದು ಮರವನ್ನು ಕಂಡು, ಅದು ಏಕೆ ಸಾಯಲಿಲ್ಲ ಎಂದು ಕೇಳಿದವರೂ ಇದ್ದರು. ರಿಚರ್ಡ್ ಬಿಂಗ್‌ಹ್ಯಾಮ್ ಎಂಬ ವಿಜ್ಞಾನಿ 1950ರ ಸುಮಾರಿಗೆ ಆ ಮರಗಳ ತುದಿಗೆ ಹತ್ತಿಸಿ ಪರಾಗ ಸಂಗ್ರಹಿಸುವ, ಒಂದರೊಡನೊಂದನ್ನು ಕೂಡಿಸಿ ಬೀಜ ಪಡೆಯುವ ಕೆಲಸ ಆರಂಭಿಸಿದರು. ಐಡಾಹೋದ ಮಾಸ್ಕೋ ಎಂಬ ಊರಿನಲ್ಲಿ ಬೀಜತೋಟವಾಯಿತು. ಇಂದು ನೆಡುವ ಸಸಿಗಳು ಬಹುಮಟ್ಟಿಗೆ ಆ ಮರಗಳ ಮೊಮ್ಮಕ್ಕಳು. ಅವುಗಳಲ್ಲೂ ಎಲ್ಲವೂ ಉಳಿಯುವುದಿಲ್ಲ. ನೆಲದ ತೇವಕ್ಕೆ ಹತ್ತಿರದ ಕೆಳಗಿನ ಕೊಂಬೆಗಳನ್ನು ಸವರಿ ಕಾಪಾಡಬೇಕಾಗುತ್ತದೆ. ಯುದ್ಧದ ಸದ್ದಿಲ್ಲದ, ತಲೆಮಾರುಗಳನ್ನು ಬೇಡುವ ಕೆಲಸ ಅದು.

ಇನ್ನು ಬೂದಿಯ ವಿಷಯ. ಮರವನ್ನು ಮತ್ತೆ ನೆಡಬಹುದು. ಬೂದಿಯನ್ನು ಮತ್ತೆ ತರುವವರಾರು? ಹಗುರವಾದ ಆ ಮಣ್ಣು ಭಾರವಾದ ಯಂತ್ರಗಳು ಓಡಾಡಿದಾಗ ಅದುಮಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ದಶಕಗಳಾದರೂ ಸಡಿಲವಾಗುವುದಿಲ್ಲ. ಕ್ಲಿಯರ್‌ವಾಟರ್ ಸೀಮೆಯ ಕೆಲವು ಎತ್ತರದ ಜಾಗಗಳಲ್ಲಿ ಫರ್ ಕಾಡನ್ನು ಪೂರ್ತಿಯಾಗಿ ಕಡಿದ ಮೇಲೆ ಕಾಡು ಮರಳಿ ಬರಲೇ ಇಲ್ಲ. ಬ್ರ್ಯಾಕನ್ ಎಂಬ ಜರೀಗಿಡ ಎದೆಯೆತ್ತರಕ್ಕೆ ತುಂಬಿಕೊಂಡಿತು. ಅದರಡಿಯಲ್ಲಿ ಬೂದಿಮಣ್ಣಿನ ರಸಾಯನವೇ ಬದಲಾಗಿ ಹುಳಿ ಹೆಚ್ಚಿತು. ಗೋಫರ್ ಎಂಬ ಬಿಲ ತೋಡುವ ಸಣ್ಣ ಪ್ರಾಣಿಗಳು ನೆಟ್ಟ ಸಸಿಗಳ ಬೇರುಗಳನ್ನು ಕಡಿದು ಹಾಕಿದವು. ಕಾಡು ಬೂದಿಯನ್ನು ಕಾಯುತ್ತಿತ್ತು, ಬೂದಿ ಕಾಡನ್ನು ಕಾಯುತ್ತಿತ್ತು ಎಂಬುದು ಆ ಒಪ್ಪಂದ ಮುರಿದ ಮೇಲೆ ತಿಳಿಯಿತು.

1980ರ ಮೇ 18ರ ಬೆಳಗ್ಗೆ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಾಗ, 57 ಜನರ ಪ್ರಾಣ ಹೋಯಿತು. ಅಂದು ಈ ಕಣಿವೆಗಳ ಮೇಲೂ ಬೂದಿ ಸುರಿಯಿತು. ಜನ ಮನೆಯ ಮಾಡಿನಿಂದ, ಕಾರುಗಳಿಂದ ಅದನ್ನು ಗುಡಿಸಿ ಹಾಕಿದರು. ಕಾಡಿನೊಳಗೆ ಬಿದ್ದ ಬೂದಿಯನ್ನು ಯಾರೂ ಗುಡಿಸಲಿಲ್ಲ. ಪಾಚಿಯ ಮೇಲೆ, ಕೊಳೆತ ದಿಮ್ಮಿಗಳ ಮೇಲೆ ಕೂತು ಅದು ಮೆಲ್ಲನೆ ಒಳಗಿಳಿಯಿತು. ಮಝಾಮಾದ ಬೂದಿಗೆ ಹೋಲಿಸಿದರೆ ಅದು ಒಂದು ಚಿಟಿಕೆ.

ಇತಿಹಾಸ ಬರೆಯುವವರು ಸದ್ದು ಮಾಡಿದ ಘಟನೆಗಳನ್ನೇ ಹಿಡಿಯುತ್ತೇವೆ. 1910ರ ಚರಿತ್ರೆ ಬರೆದವರೆಲ್ಲ ಬೆಂಕಿಯ ಬಗ್ಗೆ ಬರೆದರು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಕಾಡಿಗೆ ಬೆಂಕಿ ಗೊತ್ತಿತ್ತು. ಅದನ್ನು ತಾಳಿ ಮತ್ತೆ ಏಳುವ ಬಗೆ ತಿಳಿದಿತ್ತು. ಬಂದರಿನಲ್ಲಿ ಇಳಿದ ಸಸಿಗಳ ಕಟ್ಟು ಮಾತ್ರ ಅದಕ್ಕೆ ಹೊಸದು. ಅಂದು ವ್ಯಾಂಕೂವರಿನಲ್ಲಿ ಆ ಕಟ್ಟನ್ನು ಬಿಚ್ಚಿದವನು ಎಳೆಯ ಸಸಿಗಳ ಹಸಿರು ಕಂಡು ಸಂತೋಷಪಟ್ಟಿರಬೇಕು. ಆ ಸಂತೋಷವನ್ನು ನಾನು ತಪ್ಪೆನ್ನಲಾರೆ. ಆದರೆ ಏಳು ಸಾವಿರ ವರ್ಷ ಕಾದು ಒದಗಿದ ನೆಲದ ಮೇಲೆ ಏನನ್ನಾದರೂ ತಂದಿಡುವ ಮೊದಲು, ಅಲ್ಲಿಂದ ಏನನ್ನಾದರೂ ಕೀಳುವ ಮೊದಲು, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದು ನೋಡಬೇಕು ಎನಿಸುತ್ತದೆ. ಅಂಗೈಯಲ್ಲಿ ಉಳಿಯುವ ಆ ತೇವ ಎಲ್ಲಿಂದ ಬಂದದ್ದು ಎಂದು ತಿಳಿಯುವವರೆಗಾದರೂ ಕೈ ತಡೆಯಬೇಕು.

(ಬಾನುಲಿ ಭಾಷಣ)